ಟಪಾಲಪ್ಪನವರ ಬೆಂಚಿಗೊಂದು ಹಾಸು

ಕೆಲಸ ಮಾಡುವವರು ಬೇರೆ, ಕೆಲಸಕ್ಕೆ ಸಿದ್ಧರಾಗುವವರು ಬೇರೆ. ನೀರು ಸರಬರಾಜು ಕಚೇರಿಯ ಟಪಾಲು ಗುಮಾಸ್ತರು ಈ ಎರಡನೆಯ ಪಂಗಡದ ಮುಂದಾಳು. ಒಂದು ಲಕೋಟೆಗೆ ಅಂಟು ಹಚ್ಚಬೇಕೆಂದರೆ ಮೊದಲು ಮೇಜು ಒರೆಸಿ, ಅಂಟಿನ ಬಾಟಲಿ ಒರೆಸಿ, ಕೈ ಒರೆಸಿ, ಒರೆಸಿದ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟು, ಆಮೇಲೆ ಲಕೋಟೆ ಎಲ್ಲಿಟ್ಟೆ ಎಂದು ಹುಡುಕುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರು ಹಿಡಿದುಕೊಂಡಿತ್ತು. ಉಳಿದಂತೆ ಊರಿಗೆಲ್ಲ ಅವರು ಟಪಾಲಪ್ಪ.

ಇಂಥ ಟಪಾಲಪ್ಪನವರಿಗೆ ನಡುವಯಸ್ಸಿನಲ್ಲಿ ಮರಗೆಲಸದ ಹುಚ್ಚು ಹತ್ತಿತು. ಪಕ್ಕದ ಬೀದಿಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದಾಗ ಅದರ ಮುಂಬಾಗಿಲು ಅವರ ಕಣ್ಣಿಗೆ ಬಿತ್ತು. ಮೂರು ಬೆರಳು ದಪ್ಪದ ಹಲಗೆ, ಕನ್ನಡಿಯಂಥ ನುಣುಪು. ಅದನ್ನು ತಂದು, ಬಡಗಿಯಿಂದ ನಾಲ್ಕು ಕಾಲು ಹಾಕಿಸಿ, ಮಹಡಿಯ ಹಿಂದಿನ ಕೋಣೆಯಲ್ಲಿ ನಿಲ್ಲಿಸಿದರು. ಬಡಗಿ ಅದನ್ನು ಮೇಜು ಎಂದ. "ಮೇಜಲ್ಲಪ್ಪ, ವರ್ಕ್‌ಬೆಂಚು" ಎಂದು ಟಪಾಲಪ್ಪನವರು ತಿದ್ದಿದರು. ಹೆಂಡತಿ ಮಾತ್ರ ಅದನ್ನು ಬಾಗಿಲು ಎಂದೇ ಕರೆಯುತ್ತ ಬಂದಳು.

ಮೊದಲ ಕೆಲಸವನ್ನು ತಂದವಳೂ ಅವಳೇ. ಅಡುಗೆಮನೆಯ ಸ್ಟೂಲಿನ ಕಾಲು ಅಲ್ಲಾಡುತ್ತಿತ್ತು. ಟಪಾಲಪ್ಪನವರು ಸ್ಟೂಲನ್ನು ಬೆಂಚಿನ ಮೇಲೆ ಮಲಗಿಸಿ, ಮೊಳೆ ಹಿಡಿದು, ಸುತ್ತಿಗೆ ಎತ್ತಿದರು. ಎತ್ತಿದ ಸುತ್ತಿಗೆ ಎತ್ತಿದಲ್ಲೇ ನಿಂತಿತು.

"ಏನಾಯ್ತು?" ಎಂದಳು ಹೆಂಡತಿ.

"ಏಟು ಕೆಳಗಿನ ಹಲಗೆಗೂ ತಾಗತ್ತೆ."

"ತಾಗ್ಲಿ. ಬಾಗಿಲಿಗೆ ಏನಾಗತ್ತೆ?"

"ಗೀರು ಬೀಳತ್ತೆ ಕಣೇ. ಇವತ್ತು ಒಂದು ಗೀರು ಅಂತ ಬಿಟ್ರೆ ನಾಳೆ ಅದರ ಪಕ್ಕ ಇನ್ನೊಂದು. ಮೊದಲು ಇದಕ್ಕೊಂದು ಹಾಸು ಬೇಕು. ಸರಿಯಾದ ಹಾಸು."

"ನನಗೆ ಸರಿಯಾದ ಸ್ಟೂಲು ಬೇಕು."

"ಹಾಸು ಸಿಕ್ಕಿದ ಕೂಡಲೇ ಸ್ಟೂಲು."

ಹೆಂಡತಿ ಹಳೇ ದುಪ್ಪಟಿಯೊಂದನ್ನು ತಂದುಕೊಟ್ಟಳು. ಟಪಾಲಪ್ಪನವರು ಅದನ್ನು ಎರಡು ಬೆರಳಲ್ಲಿ ಹಿಡಿದು, ಇದು ಮಲಗುವವರಿಗೆ, ದುಡಿಯುವವರಿಗಲ್ಲ ಎಂದು ಹಿಂದಿರುಗಿಸಿದರು. ಅಲ್ಲಿಂದ ಆ ಮನೆಯಲ್ಲಿ ಹಾಸುಗಳ ಕಾಲ ಶುರುವಾಯಿತು.

ಮೊದಲನೆಯದನ್ನು ಕೊಟ್ಟವರು ಕೆಳಗಿನ ಮನೆಯ ದರ್ಜಿಯಮ್ಮ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ಕು, ತುಂಬ ಸಣ್ಣ ಸಣ್ಣ ಹೂವು. ನೀರು ಚೆಲ್ಲಿದರೂ ಇಳಿಯುವುದಿಲ್ಲ ಎಂದು ಆಕೆ ಭರವಸೆ ಕೊಟ್ಟಿದ್ದರು. ನೀರೇನೋ ಇಳಿಯಲಿಲ್ಲ. ಆದರೆ ಅದರ ಮೇಲೆ ಇಟ್ಟ ಸ್ಕ್ರೂಗಳು ಹೂವುಗಳ ನಡುವೆ ಸೇರಿ ಮಾಯವಾದವು. ಟಪಾಲಪ್ಪನವರು ಒಂದು ಸ್ಕ್ರೂವನ್ನು ಬಹಳ ಹೊತ್ತು ಉಗುರಿನಿಂದ ಎತ್ತಲು ನೋಡಿ, ಕೊನೆಗೆ ಕನ್ನಡಕ ಹಾಕಿಕೊಂಡಾಗ ಅದು ಹೂವಿನ ಮೇಲೆ ಕೂತ ಜೇನುನೊಣದ ಚಿತ್ರ ಎಂದು ತಿಳಿಯಿತು. ನಿಜವಾದ ಸ್ಕ್ರೂ ಮರುದಿನ ಹೆಂಡತಿಯ ಕಾಲಿಗೆ ಸಿಕ್ಕಿತು.

ಎರಡನೆಯದು ಗಾಜು. ಆನೆ ಹತ್ತಿದರೂ ಏನೂ ಆಗುವುದಿಲ್ಲ ಎಂದು ಗಾಜಿನ ಅಂಗಡಿಯವನು ಹೇಳಿದ್ದ. ಟಪಾಲಪ್ಪನವರು ಆನೆ ಹತ್ತಿಸಲಿಲ್ಲ, ಸುತ್ತಿಗೆಯಿಂದ ಹೊಡೆಯಲೂ ಇಲ್ಲ. ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟರು, ಅಷ್ಟೇ. ಆ ಸದ್ದಿಗೆ ಕೆಳಗಿನ ಮನೆಯ ದರ್ಜಿಯಮ್ಮ ಕತ್ತರಿ ಹಿಡಿದೇ ಮೇಲೆ ಓಡಿಬಂದರು. ಅವರ ಕೈಯಲ್ಲಿದ್ದ ಯಾರದೋ ರವಿಕೆಯ ತೋಳು ಅಂದು ತುಸು ಗಿಡ್ಡವಾಯಿತಂತೆ.

ಮೂರನೆಯದು ರಬ್ಬರು. ಗೀರು ಬೀಳದು, ಒಡೆಯದು, ಹೂವಿಲ್ಲ. ಹಾಸಿದ ದಿನ ಟಪಾಲಪ್ಪನವರು ಗೆದ್ದೆನೆಂದು ಬೀಗಿದರು. ಮಧ್ಯಾಹ್ನ ಬಿಸಿಲು ಕೋಣೆಗೆ ಇಳಿಯುತ್ತಲೇ ರಬ್ಬರು ತನ್ನ ಸ್ವಭಾವ ತೋರಿಸಿತು. ಅದರ ವಾಸನೆ ಮೆಟ್ಟಿಲಿಳಿದು, ದರ್ಜಿಯಮ್ಮನ ಮನೆ ಹೊಕ್ಕು, ಬೀದಿಗೆ ಬಂತು. ಗ್ಯಾಸ್ ಸೋರುತ್ತಿದೆ ಎಂದು ಯಾರೋ ಕೂಗಿದರು. ಜನ ಒಲೆ ಆರಿಸಿ ಬೀದಿಯಲ್ಲಿ ಬಂದು ನಿಂತರು. ಗ್ಯಾಸಿನವನು ಬಂದು ಬೀದಿಯ ಸಿಲಿಂಡರುಗಳನ್ನೆಲ್ಲ ಮೂಸಿ ನೋಡಿ, ತಲೆ ಕೆರೆದುಕೊಂಡು ಹೋದ. ಆ ಗುಂಪಿನಲ್ಲಿ ಮೂಗು ಹಿಡಿದು ನಿಂತಿದ್ದವರಲ್ಲಿ ಟಪಾಲಪ್ಪನವರೂ ಒಬ್ಬರು. ಸಂಜೆ ಸದ್ದಿಲ್ಲದೆ ರಬ್ಬರನ್ನು ಸುತ್ತಿ ಗುಜರಿಯವನಿಗೆ ಕೊಟ್ಟರು.

ಹೀಗೆ ಸೋತು ಕೂತಿದ್ದಾಗ ನಾಲ್ಕನೆಯದು ತಾನಾಗಿ ಕಚೇರಿಯಲ್ಲೇ ಸಿಕ್ಕಿತು.

ಕಚೇರಿಗೆ ಹೊಸ ಸಾಹೇಬರು ಬಂದಾಗ ಕಾಂಪೌಂಡಿಗೆ ದೊಡ್ಡದೊಂದು ಫ್ಲೆಕ್ಸ್ ಕಟ್ಟಿಸಿದ್ದರು. ಎಡಕ್ಕೆ 'ಹಾರ್ದಿಕ ಸ್ವಾಗತ', ಬಲಕ್ಕೆ ಸ್ವಾಗತಿಸುವವರ ಪುಟ್ಟ ಪುಟ್ಟ ಮುಖಗಳು, ನಡುವೆ ಬಾಗಿಲಗಲಕ್ಕೆ ಸಾಹೇಬರ ಮುಖ. ಗಾಳಿಗೆ ಅದರ ಒಂದು ಮೂಲೆ ಹರಿಯಿತು. ಕಚೇರಿಯಲ್ಲಿ ಯಾರಿಗೂ ಬೇಡವಾದದ್ದೆಲ್ಲ ಟಪಾಲು ವಿಭಾಗಕ್ಕೆ ಬರುವುದು ರೂಢಿ. ಹೆಡ್ ಕ್ಲರ್ಕು ಫ್ಲೆಕ್ಸನ್ನು ಸುತ್ತಿ ತಂದು, "ಇದನ್ನ ಏನಾದ್ರೂ ಮಾಡ್ರಿ" ಎಂದು ಟಪಾಲಪ್ಪನವರ ಕುರ್ಚಿಯ ಹಿಂದೆ ನಿಲ್ಲಿಸಿ ಹೋದರು.

ಟಪಾಲಪ್ಪನವರು ಅದನ್ನು ಬೆರಳಲ್ಲಿ ಉಜ್ಜಿದರು, ಮೂಸಿದರು, ಉಗುರಿನಿಂದ ಗೀರಿದರು. ಗೀರು ಬೀಳಲಿಲ್ಲ. ವಾಸನೆ ಇಲ್ಲ. ಮನೆಗೆ ತಂದು ಬೆಂಚಿನ ಮೇಲೆ ಹರಡಿದರು. ಎಡಕ್ಕೆ ಸ್ವಾಗತ ಹೆಚ್ಚಾಯಿತು, ಕತ್ತರಿಸಿದರು. ಬಲಕ್ಕೆ ಸ್ವಾಗತಿಸುವವರು ಹೆಚ್ಚಾದರು, ಅವರನ್ನೂ ಕತ್ತರಿಸಿದರು. ಉಳಿದದ್ದು ಸಾಹೇಬರು, ಕಿವಿಯಿಂದ ಕಿವಿಗೆ, ನೆತ್ತಿಯಿಂದ ಟೈಯವರೆಗೆ, ಅಳತೆ ತೆಗೆದು ಮಾಡಿಸಿದ ಹಾಗೆ. ಮಗುಚಿ ಹಾಸಬಹುದಿತ್ತು. ಆದರೆ ಹಿಂಬದಿ ದೊರಗು, ಅಂಟು ಹಿಡಿಯುತ್ತದೆ. ಮುಖದ ಬದಿಯೇ ನುಣುಪು. ಸಾಹೇಬರು ಮುಖ ಮೇಲಾಗಿಯೇ ಮಲಗಿದರು. ಅವರ ಮೇಲೆ ಸ್ಟೂಲು ಮಲಗಿತು. ಮೊಳೆ ಇಳಿಯಿತು. ಹಲಗೆಗೆ ಗೀರಿಲ್ಲ.

ಆ ಮುಖ ಯಾರದೆಂದು ಟಪಾಲಪ್ಪನವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಹಾಸು ಎಂದು ನೋಡುವವನ ಕಣ್ಣಿಗೆ ಅದು ಹಾಸಷ್ಟೇ. ಮೂಗು ಬೆಂಚಿನ ನಟ್ಟನಡುವೆ ಬಂದಿತ್ತು, ಗುರುತಿಗೆ ಅನುಕೂಲ. ಮೀಸೆಯ ತುದಿಯಿಂದ ತುದಿಗೆ ಸರಿಯಾಗಿ ಒಂದು ಅಡಿ, ಅಳತೆಪಟ್ಟಿಯೇ ಬೇಡ.

ಮರುದಿನ ಕಚೇರಿಯಲ್ಲಿ ಕ್ಯಾಷಿಯರು ತಮ್ಮ ಹಣದ ಪೆಟ್ಟಿಗೆಯ ಕೀಲು ಸೊಟ್ಟಗಾಗಿದೆ ಎಂದು ಗೊಣಗುತ್ತಿದ್ದರು. ಟಪಾಲಪ್ಪನವರು ತಲೆಯೆತ್ತದೆ ಹೇಳಿದರು: "ನಮ್ಮನೇಲೂ ಒಂದು ಕೀಲು ಹಾಗೇ ಆಗಿತ್ತು. ನಿನ್ನೆ ಸಾಹೇಬರ ಮೂಗಿನ ಮೇಲಿಟ್ಟು ನಾಲ್ಕು ಬಿಗಿದೆ. ಸರಿಹೋಯ್ತು."

ಟೈಪಿಸ್ಟ್ ಮೇಡಂ ಅವರ ಬೆರಳುಗಳು ಕೀಲಿಮಣೆಯ ಮೇಲೆ ನಿಂತವು. ಹೆಡ್ ಕ್ಲರ್ಕು ಸಾಹೇಬರ ಕೋಣೆಯ ಬಾಗಿಲು ಮುಚ್ಚಿದೆಯೆ ಎಂದು ನೋಡಿಕೊಂಡರು.

"ಯಾವುದರ ಮೇಲೆ?" ಎಂದರು ಕ್ಯಾಷಿಯರು, ದನಿ ತಗ್ಗಿಸಿ.

"ಮೂಗಿನ ಮೇಲೆ. ಅಲ್ಲಾದ್ರೆ ಚೆನ್ನಾಗಿ ಕೂರತ್ತೆ. ಕೆನ್ನೆ ಮೇಲೆ ಜಾರತ್ತೆ."

ಇಲ್ಲಿ ಸಾಹೇಬರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಬಂದ ವಾರದಲ್ಲೇ ಅವರು ಕಚೇರಿಯ ಟೀ ಕೆಟಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಯಾರಾದರೂ ಕುರ್ಚಿಯಿಂದ ಎದ್ದರೆ ಕಿಟಕಿಯಲ್ಲಿ ಅವರ ಮುಖ ಕಾಣಿಸಿಕೊಂಡು "ಎಲ್ಲಿಗೆ?" ಎನ್ನುತ್ತಿತ್ತು. ಹೆಡ್ ಕ್ಲರ್ಕು ಬರೆದ ಕರಡನ್ನು ಹಸಿರು ಇಂಕಿನಲ್ಲಿ ತಿದ್ದುತ್ತಿದ್ದರು. ತಿದ್ದಿದ್ದನ್ನು ತಂದರೆ ಮತ್ತೆ ತಿದ್ದುತ್ತಿದ್ದರು. ಮೂರನೆಯ ಸಲಕ್ಕೆ ಹೆಡ್ ಕ್ಲರ್ಕು ಮೊದಲು ಬರೆದಿದ್ದ ವಾಕ್ಯವೇ ಸಾಹೇಬರ ವಾಕ್ಯವಾಗಿ ಹಿಂದಿರುಗುತ್ತಿತ್ತು. ಟಪಾಲಪ್ಪನವರಿಗೆ ಮಾತ್ರ ಸಾಹೇಬರ ಮೇಲೆ ಪ್ರೀತಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವರ ಪಾಲಿಗೆ ಬರುವ ಪತ್ರಗಳೆಲ್ಲ ಬಾಯಿ ಮುಚ್ಚಿಕೊಂಡೇ ಬರುತ್ತಿದ್ದವು.

ಅಂದು ಸಂಜೆ ಕ್ಯಾಷಿಯರು ಕೀಲು ಹಿಡಿದು ಟಪಾಲಪ್ಪನವರ ಮನೆಗೆ ಬಂದರು. ಹಿಂದಿನ ಕೋಣೆಗೆ ಹೊಕ್ಕವರು ಬೆಂಚನ್ನು ನೋಡಿ ಕೈಮುಗಿಯುವುದೊಂದು ಬಾಕಿ.

"ನಾನೇ ಹೊಡೀಲಾ?" ಎಂದು ಕೇಳಿದರು.

"ಧಾರಾಳವಾಗಿ. ಕಲಿಯೋ ಆಸೆ ಇದ್ರೆ ನಾನು ಬೇಡ ಅನ್ನಲ್ಲ" ಎಂದು ಟಪಾಲಪ್ಪನವರು ಸುತ್ತಿಗೆ ಕೊಟ್ಟರು. ನಾಲ್ಕು ಏಟು ಬಿದ್ದವು. "ಆದ್ರೆ ಕೀಲಿಗೆ ಹೊಡೀರಿ. ನೀವು ಪಕ್ಕಕ್ಕೆ ಹೊಡೀತಿದ್ದೀರಿ."

"ನಾನು ಸರಿಯಾದ ಜಾಗಕ್ಕೇ ಹೊಡೀತಿದ್ದೀನಿ" ಎಂದು ಕ್ಯಾಷಿಯರು ಬೆವರು ಒರೆಸಿಕೊಂಡರು. ಕೀಲು ಇದ್ದ ಹಾಗೇ ಇತ್ತು. ಅವರು ಮಾತ್ರ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದರು.

ಸುದ್ದಿ ಹಬ್ಬಿತು. ಮರುದಿನ ಟೈಪಿಸ್ಟ್ ಮೇಡಂ ಒಂದು ಕುರ್ಚಿ ತಂದರು. ಅದರ ಕಾಲು ಈಗಷ್ಟೇ ಮುರಿದಂತೆ ಹಸಿಹಸಿಯಾಗಿತ್ತು. ಲೇಖನಿಗಿಂತ ಭಾರವಾದದ್ದನ್ನು ಎಂದೂ ಎತ್ತದ ಹೆಡ್ ಕ್ಲರ್ಕು ಒಂದು ಚಿತ್ರದ ಚೌಕಟ್ಟು ತಂದು, ಎರಡೂ ಕೈಯಿಂದ ಸುತ್ತಿಗೆ ಎತ್ತಿ, ಕಣ್ಣು ಮುಚ್ಚಿ ಹೊಡೆದರು. ಏಟು ಸಾಹೇಬರ ಕಿವಿಯ ಮೇಲೆ ಬಿತ್ತು. "ಕರಡು" ಎಂದು ಗುನುಗಿಕೊಂಡು ಇನ್ನೊಂದು ಹೊಡೆದರು. ಮೀಟರ್ ಓದುವವರು ಬಂದರು, ಪೈಪು ಜೋಡಿಸುವವರು ಬಂದರು. ಸಂಜೆಯಾದರೆ ಮೆಟ್ಟಿಲ ಮೇಲೆ ಮುರುಕು ಕುರ್ಚಿಗಳ ಸಾಲು.

ಟಪಾಲಪ್ಪನವರು ಒಬ್ಬೊಬ್ಬರಿಗೂ ಮೊಳೆಯ ತಲೆ, ಮರದ ಎಳೆ, ಕೈಯ ಪಟ್ಟು ಎಂದು ಪಾಠ ಹೇಳುತ್ತಿದ್ದರು. ಬಂದವರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. "ಎಷ್ಟು ಜಾಣ ನೋಡ್ರಿ" ಎಂದು ಕ್ಯಾಷಿಯರು ಮೆಟ್ಟಿಲಲ್ಲಿ ಹೇಳುತ್ತಿದ್ದರು, "ಬಾಯಿತಪ್ಪಿಯೂ ಸಾಹೇಬರ ಸುದ್ದಿ ಎತ್ತಲ್ಲ. ಮೊಳೆ, ಮರ, ಅಷ್ಟೇ. ನಾಳೆ ಯಾರಾದ್ರೂ ಕೇಳಿದ್ರೂ ಸಿಕ್ಕಿಬೀಳಲ್ಲ. ಮಹಾ ಕಿಲಾಡಿ."

ಕಚೇರಿಯ ಹವೆಯೇ ಬದಲಾಯಿತು. ಬೆಳಗ್ಗೆ ಸಾಹೇಬರು ಬರುತ್ತಲೇ ಎಲ್ಲರೂ ನಗುನಗುತ್ತ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದರು. ಹೇಳುವಾಗ ಅವರೆಲ್ಲರ ಕಣ್ಣು ಸಾಹೇಬರ ಮೂಗಿನ ಮೇಲೆ ಇರುತ್ತಿತ್ತು. ಸಾಹೇಬರು ಕೋಣೆಗೆ ಹೋಗಿ ಕನ್ನಡಿ ನೋಡಿಕೊಳ್ಳುವರು. ಮೂಗಿಗೆ ಏನೂ ಆಗಿರಲಿಲ್ಲ. ಹಸಿರು ಇಂಕು ಬಿದ್ದ ಕರಡನ್ನು ಹೆಡ್ ಕ್ಲರ್ಕು "ಆಗಲಿ ಸಾರ್, ಸಂತೋಷ ಸಾರ್" ಎಂದು ಪ್ರೀತಿಯಿಂದ ತೆಗೆದುಕೊಳ್ಳುವರು. ಸಾಹೇಬರು ಮತ್ತೆ ಮೂಗು ಮುಟ್ಟಿಕೊಳ್ಳುವರು.

ಒಂದು ಶುಕ್ರವಾರ ಅವರು ಟಪಾಲಪ್ಪನವರನ್ನು ಒಳಗೆ ಕರೆಸಿದರು.

"ನಿಮ್ಮ ಮನೇಲಿ ಸಂಜೆ ಹೊತ್ತು ಏನೋ ನಡೆಯತ್ತಂತೆ?"

"ಮರಗೆಲಸ ಸಾರ್. ನಮ್ಮವರಿಗೆಲ್ಲ ಈಚೆಗೆ ಬಹಳ ಆಸಕ್ತಿ ಬಂದಿದೆ."

"ಬೆಂಚು ಇದೆಯಂತೆ. ಅದರ ಮೇಲೆ ಏನೋ ಹಾಸಿದ್ದೀರಂತೆ."

"ಬಹಳ ಹುಡುಕಿ ಹಾಸಿದ್ದು ಸಾರ್."

ಸಾಹೇಬರು ಅವರನ್ನೇ ದಿಟ್ಟಿಸಿ ನೋಡಿದರು. "ಭಾನುವಾರ ಬರ್ತೀನಿ" ಎಂದರು.

ಟಪಾಲಪ್ಪನವರು ಮನೆಗೆ ನಡೆದು ಬರಲಿಲ್ಲ, ತೇಲಿ ಬಂದರು. "ಕೇಳಿದ್ಯಾ? ಭಾನುವಾರ ಸಾಹೇಬರು ನಮ್ಮ ಬೆಂಚು ನೋಡೋಕೆ ಬರ್ತಾರಂತೆ. ಹಾಸು ನೋಡ್ಬೇಕಂತೆ."

ಹೆಂಡತಿಯ ಕೈಯಿಂದ ಸೌಟು ಬಿತ್ತು.

"ಯಾವ ಸಾಹೇಬರು?"

"ಇನ್ಯಾವ ಸಾಹೇಬರು? ನಮ್ಮ ಸಾಹೇಬರೇ."

"ಈಗ ಹಿಂದಿನ ಕೋಣೇಲಿ ಮೂಗು ಜಜ್ಜಿಸಿಕೊಂಡು ಮಲಗಿದ್ದಾರಲ್ಲ, ಆ ಸಾಹೇಬರಾ?"

ಕ್ಯಾಷಿಯರ ಶಿಳ್ಳೆ, ಹೆಡ್ ಕ್ಲರ್ಕರ ಗುನುಗು, ಹಸಿಹಸಿ ಮುರಿದ ಕುರ್ಚಿ, ಎಲ್ಲವೂ ಒಂದಾದಮೇಲೊಂದು ಟಪಾಲಪ್ಪನವರ ತಲೆಯೊಳಗೆ ಬಂದು ಸಾಲಾಗಿ ಕೂತವು. ಅವರು ಮೆಲ್ಲಗೆ ನೆಲದ ಮೇಲೆ ಕುಳಿತರು.

"ಅವರೆಲ್ಲ ಮರಗೆಲಸ ಕಲಿಯೋಕೆ ಬಂದಿದ್ದಲ್ವಾ?"

"ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?" ಹೆಂಡತಿಯ ದನಿ ಇಳಿಯಿತು. "ನಾನು ಏನಂದ್ಕೊಂಡಿದ್ದೆ ಗೊತ್ತಾ? ಇಷ್ಟು ವರ್ಷ ಎಲ್ಲರಿಗೂ ತಲೆ ಆಡಿಸ್ತಿದ್ದ ಮನುಷ್ಯನಿಗೆ ಕೊನೆಗೂ ಧೈರ್ಯ ಬಂತು ಅಂತ. ಅಕ್ಕಂಗೆ ಫೋನ್ ಮಾಡಿ ಹೇಳಿದ್ದೆ, ನಮ್ಮವರಿಗೂ ರೋಷ ಇದೆ ಕಣೇ ಅಂತ."

ಈಚೆಗೆ ಕೇಳದೆಯೇ ಎರಡನೇ ಲೋಟ ಟೀ ಯಾಕೆ ಬರುತ್ತಿತ್ತೆಂದು ಟಪಾಲಪ್ಪನವರಿಗೆ ಆಗ ತಿಳಿಯಿತು. ಸಾಹೇಬರ ಭಯಕ್ಕಿಂತ ಅದೇ ಹೆಚ್ಚು ನೋಯಿಸಿತು.

ಶನಿವಾರವೆಲ್ಲ ಹಾಸು ಕೀಳುವ ಕೆಲಸ. ಟೈ ಬಂತು, ಭುಜ ಬಂತು, ಒಂದು ಕಿವಿ ಬಂತು. ಮುಖ ಬರಲಿಲ್ಲ. ವಾರಗಳಿಂದ ಏಟು ತಿಂದ ಬಿರುಕುಗಳೊಳಗೆ ಕುರ್ಚಿಗಳಿಗೆ ಹಚ್ಚಿದ ಅಂಟು ಇಳಿದು ಸಾಹೇಬರು ಹಲಗೆಗೆ ಕಚ್ಚಿಕೊಂಡಿದ್ದರು.

"ಚಾಕು ಹಾಕಿ ಕೆರೀರಿ" ಎಂದಳು ಹೆಂಡತಿ.

"ಗೀರು ಬೀಳತ್ತೆ."

"ಕೆಲಸ ಹೋಗೋ ಹೊತ್ತಲ್ಲಿ ಗೀರಾ?"

"ಕೆಲಸ ಹೋದ್ರೆ ಬೆಂಚಾದ್ರೂ ಇರಬೇಕಲ್ಲ."

ಕ್ಯಾಷಿಯರು ಹೆದರಿ ಬೆಳ್ಳಗಾಗಿ ಬಂದು ಉಪಾಯ ಹೇಳಿದರು: "ಸಾಹೇಬರ ಮೇಲಿನ ಅಭಿಮಾನದಿಂದ ಹಾಸಿಕೊಂಡೆ ಅಂದ್ಬಿಡಿ. ಆದ್ರೆ ನನ್ನ ಹೆಸರು ಎತ್ತಬೇಡಿ." ಹಿಂದೆಯೇ ಟೈಪಿಸ್ಟ್ ಮೇಡಂ ಬಂದು ತಮ್ಮ ಕುರ್ಚಿಯನ್ನು ಹೊತ್ತೊಯ್ದರು. ಕೊನೆಗೆ ಹೆಂಡತಿ ಬಿಳಿ ದುಪ್ಪಟಿ ತಂದು ಬೆಂಚಿನ ಮೇಲೆ ಎಳೆದು ಹೊದಿಸಿದಳು. ಈ ಸಲ ಟಪಾಲಪ್ಪನವರು ತಕರಾರು ತೆಗೆಯಲಿಲ್ಲ.

ಭಾನುವಾರ ಸಾಹೇಬರು ಒಬ್ಬರೇ ಬಂದರು. ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಉದ್ದನೆಯ ಸುರುಳಿ. ಅದನ್ನು ಗೋಡೆಗೆ ಒರಗಿಸಿ, ಬೆಂಚಿನ ಮುಂದೆ ಕುಳಿತರು. ಟಪಾಲಪ್ಪನವರು ಎರಡೂ ಮೊಣಕೈಯನ್ನು ದುಪ್ಪಟಿಯ ಮೇಲೆ ಊರಿ ಕುಳಿತರು.

"ಇದೇನಾ ಬೆಂಚು?"

"ಇದೇ ಸಾರ್."

"ಹೊದಿಸಿದ್ದೀರಲ್ಲ."

"ಚಳಿ ಸಾರ್."

"ಬೆಂಚಿಗಾ?"

"ಹಳೇ ಮರ ಸಾರ್."

ಹೆಂಡತಿ ಲೋಟದಲ್ಲಿ ನೀರು ತಂದಿಟ್ಟಳು. ಟಪಾಲಪ್ಪನವರು ಉಪಚಾರಕ್ಕೆಂದು ಲೋಟವನ್ನು ಸಾಹೇಬರ ಕಡೆ ಸರಿಸಲು ಹೋದರು. ಮೊಣಕೈ ಎತ್ತದೆ ಬೆರಳತುದಿಯಲ್ಲೇ ತಳ್ಳಿದರು. ಲೋಟ ಉರುಳಿತು. ನೀರು ದುಪ್ಪಟಿಯ ನಟ್ಟನಡುವೆ ಹರಡಿತು.

ಮೊದಲು ಮೂಡಿದ್ದು ಮೀಸೆ. ಅದರ ಮೇಲೆ, ಜಜ್ಜಿಹೋದ ಮೂಗು. ನೀರು ಇನ್ನಷ್ಟು ಹಬ್ಬಿದಂತೆ ಎಡಗಣ್ಣು ತೆರೆದುಕೊಂಡು ಸಾಹೇಬರನ್ನೇ ನೋಡತೊಡಗಿತು. ಟಪಾಲಪ್ಪನವರು ಅಂಗೈಯಿಂದ ಕಣ್ಣನ್ನು ಮುಚ್ಚಿದರು. ಬಲಗಣ್ಣು ತೆರೆಯಿತು.

ಸಾಹೇಬರು ಎದ್ದು ದುಪ್ಪಟಿಯ ತುದಿ ಹಿಡಿದು ಎಳೆದರು. ಬಗ್ಗಿ ನೋಡಿದರು. ಮೂಗಿನ ಮೇಲಿನ ಗುಳಿಗೆ ಬೆರಳಿಟ್ಟರು.

"ಇದು?"

ಟಪಾಲಪ್ಪನವರಿಗೆ ಸುಳ್ಳು ಹೇಳಲೂ ಸಿದ್ಧತೆ ಬೇಕು. ಅದಕ್ಕೆ ಸಮಯವಿರಲಿಲ್ಲ. "ಕ್ಯಾಷಿಯರು ಸಾರ್."

"ಹಣೆ ಮೇಲೆ?"

"ಟೈಪಿಸ್ಟ್ ಮೇಡಂ."

"ಈ ಕಿವಿ?"

"ಹೆಡ್ ಕ್ಲರ್ಕು ಸಾರ್. ಅವರಿಗೆ ಗುರಿ ಸಾಲದು."

"ನಿಮ್ಮದು ಯಾವುದು?"

"ನಾನು ಮೊಳೆ ಮೇಲೆ ಮಾತ್ರ ಹೊಡೆಯೋದು ಸಾರ್."

ಸಾಹೇಬರು ಮತ್ತೆ ಕುಳಿತರು. ಕೋಪ ಬರುತ್ತದೆ ಎಂದು ಟಪಾಲಪ್ಪನವರು ಕಾದರು. ಬರಲಿಲ್ಲ.

"ನಮ್ಮ ಡ್ರೈವರು ಹೇಳಿದ" ಎಂದರು ಸಾಹೇಬರು. "ಅವನೂ ಎರಡು ಕೊಟ್ಟಿದ್ದಾನಂತೆ. ಮೊದಲು ಸಿಟ್ಟು ಬಂತು. ಆಮೇಲೆ ನೋಡ್ತೀನಿ, ಆಫೀಸಲ್ಲಿ ಒಬ್ರೂ ಗೊಣಗಲ್ಲ, ರಜಾ ಕೇಳಲ್ಲ, ಫೈಲೆಲ್ಲ ಓಡ್ತಿದೆ. ರಾತ್ರಿ ಒಳ್ಳೇ ನಿದ್ದೆ ಬರತ್ತೆ ಅಂತಾನೆ ಡ್ರೈವರು." ಅವರು ತಮ್ಮ ಮೂಗು ಮುಟ್ಟಿಕೊಂಡರು. "ನನಗೆ ನಿದ್ದೆ ಬರಲ್ಲ ಕಣ್ರಿ."

ಎದ್ದು ಹೋಗಿ ಸುರುಳಿ ತಂದು ಪೇಪರು ಬಿಚ್ಚಿದರು. ಇನ್ನೊಂದು ಫ್ಲೆಕ್ಸು. ಅದರಲ್ಲಿ ದಪ್ಪ ಕನ್ನಡಕದ, ಬೋಳುತಲೆಯ ಒಬ್ಬ ದೊಡ್ಡ ಮನುಷ್ಯ ಕೈಯೆತ್ತಿ ನಗುತ್ತಿದ್ದ.

"ನಮ್ಮ ಡೈರೆಕ್ಟರು. ಇವರು ಫೋನ್ ಮಾಡಿದ್ರೆ ನಾನು ಎದ್ದು ನಿಂತ್ಕೊಂಡೇ ಮಾತಾಡ್ಬೇಕು."

"ಫೋನಲ್ಲಿ ಅವರಿಗೆ ಹೇಗೆ ಗೊತ್ತಾಗತ್ತೆ ಸಾರ್?"

"ಕೇಳ್ತಾರೆ. ನಿಂತಿದ್ದೀರಾ ಅಂತ. ನನಗೆ ಸುಳ್ಳು ಹೇಳೋಕೆ ಬರಲ್ಲ." ಸಾಹೇಬರು ಫ್ಲೆಕ್ಸನ್ನು ಮುಂದೆ ತಳ್ಳಿದರು. "ನನ್ನದು ಕಿತ್ತು ಇದನ್ನ ಹಾಸಿ."

ಟಪಾಲಪ್ಪನವರು ಅದನ್ನು ಬೆಳಕಿಗೆ ಹಿಡಿದರು. ಬೆರಳಲ್ಲಿ ಉಜ್ಜಿದರು. ಮೂಸಿದರು. ಉಗುರಿನಿಂದ ಗೀರಿದರು. ಆಮೇಲೆ ಹೇಳಿದರು:

"ಇದು ಆಗಲ್ಲ ಸಾರ್."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಏನ್ರಿ ಆಗಲ್ಲ?"

"ನಡುವೆ ಮಡಿಕೆ ಬಿದ್ದಿದೆ. ಮಡಿಕೆ ಬಿದ್ದಲ್ಲಿ ಬೇಗ ಹರಿಯತ್ತೆ. ಬಟ್ಟೇನೂ ತೆಳು. ನಮ್ಮ ಕ್ಯಾಷಿಯರ ಕೈಗೆ ಸಿಕ್ಕಿದ್ರೆ ಇವರು ಒಂದು ಸಂಜೆ ತಡೀತಾರೋ ಇಲ್ವೋ." ಎದುರಿಗಿರುವವರು ಯಾರೆಂಬುದು ಟಪಾಲಪ್ಪನವರಿಗೆ ಮರೆತೇಹೋಗಿತ್ತು. "ನಿಮ್ಮದು ನೋಡಿ ಸಾರ್. ಇಡೀ ಆಫೀಸು ಹೊಡೆದಿದೆ. ಕೆಳಗೆ ಹಲಗೆಗೆ ಒಂದು ಗೀರಿಲ್ಲ. ಗಾಜು ತಂದೆ, ರಬ್ಬರು ತಂದೆ. ನಿಮ್ಮ ಮುಖ ತಡ್ಕೊಂಡಷ್ಟು ಯಾವುದೂ ತಡ್ಕೊಳ್ಳಲಿಲ್ಲ."

ಸಾಹೇಬರು ತಮ್ಮ ಜಜ್ಜಿದ ಮುಖದ ಮೇಲೆ ಕೈಯಾಡಿಸಿದರು. ಹೆಂಡತಿ ಸದ್ದಿಲ್ಲದೆ ಹೋಗಿ ಟೀಗೆ ನೀರಿಟ್ಟಳು. ದೊಡ್ಡ ಪಾತ್ರೆಯಲ್ಲೇ ಇಟ್ಟಳು.

"ನನ್ನ ಸರ್ವೀಸಿನಲ್ಲಿ ಹೀಗೆ ಯಾರೂ ಹೇಳಿರ್ಲಿಲ್ಲ" ಎಂದರು ಸಾಹೇಬರು. "ಹಾಗಾದ್ರೆ ಹೀಗೆ ಮಾಡಿ. ನಾನು ಕೆಳಗೇ ಇರ್ತೀನಿ. ಇವರನ್ನ ನನ್ನ ಮೇಲೆ ಹಾಸಿ."

"ಎರಡು ಪದರ. ಹಲಗೆಗೆ ಒಳ್ಳೇದೇ ಸಾರ್. ಆದ್ರೆ ಇವರಿಗೆ ಬಿದ್ದ ಏಟೆಲ್ಲ ನಿಮಗೂ ತಾಗತ್ತಲ್ಲ."

"ಅದೇನು ನನಗೆ ಹೊಸದಲ್ಲ. ಹಾಸಿ."

ಇಬ್ಬರೂ ಆಚೀಚೆ ನಿಂತು, ಡೈರೆಕ್ಟರನ್ನು ಎಳೆದು, ಸುಕ್ಕು ತೀಡಿ, ಅಂಚಿಗೆ ಅಂಟು ಹಚ್ಚಿ ಕೂರಿಸಿದರು. ಟಪಾಲಪ್ಪನವರು ಸುತ್ತಿಗೆಯ ಹಿಡಿಯನ್ನು ಒರೆಸಿ ಸಾಹೇಬರ ಕೈಗೆ ಕೊಟ್ಟರು. ಸಾಹೇಬರು ಅದನ್ನು ಕೈಯಲ್ಲಿ ತೂಗಿ ನೋಡಿ, ಒಂದು ಹೆಜ್ಜೆ ಹಿಂದೆ ಸರಿದು, ಕನ್ನಡಕದ ನಟ್ಟನಡುವೆ ಒಂದು ಕೊಟ್ಟರು. ಕೆಳಗಿನ ಮನೆಯಲ್ಲಿ ದರ್ಜಿಯಮ್ಮನ ಹೊಲಿಗೆ ಯಂತ್ರ ನಿಂತಿತು.

"ಸಾರ್, ಮೊಳೆ ಇಡೋದು ಮರೆತ್ರಿ" ಎಂದರು ಟಪಾಲಪ್ಪನವರು.

"ಇರ್ಲಿ ಬಿಡಿ" ಎಂದು ಸಾಹೇಬರು ಅಂಗಿಯ ತೋಳು ಮಡಿಸಿಕೊಂಡು ಸುತ್ತಿಗೆಯನ್ನು ಮತ್ತೆ ಎತ್ತಿದರು.